ಹವಳದ ಮಡಿನೀರು

ಈ ಕಾಲದಲ್ಲಿ ಮಡಿನೀರು ಹಿಡಿಯುವವರು ಯಾರಿದ್ದಾರೆ ಅಂತ ಕೇಳಬೇಡಿ. ನಮ್ಮ ಭಾವ ಇದ್ದಾರೆ. ದೇವರಿಗಲ್ಲ, ಮನೆಯೊಳಗೆ ಉಪ್ಪುನೀರಿನ ತೊಟ್ಟಿಯಲ್ಲಿ ಸಾಕಿದ ಹವಳಕ್ಕೆ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪಕ್ಕದ ಊರು ಅವರದು. ಗರಾಜಿನೊಳಗೆ ದೊಡ್ಡ ಡ್ರಮ್ಮು, ಗೋಡೆಯುದ್ದಕ್ಕೂ ಫಿಲ್ಟರ್ ಡಬ್ಬಿಗಳ ಸಾಲು, ನೆಲದ ತುಂಬ ತೆಳು ಪೈಪುಗಳು. ಕಾರು ಪಾಪ, ಬೀದಿಯಲ್ಲಿ ಬಿಸಿಲು ಕಾಯುತ್ತ ನಿಂತಿರುತ್ತದೆ. ಲೋಟ ಹಿಡಿದು ಡ್ರಮ್ಮಿನ ಹತ್ತಿರ ಸುಳಿದರೆ ಸಾಕು, "ಏಯ್, ಮುಟ್ಟಬೇಡ್ವೋ!" ಎಂದು ಕೂಗು. ನಮ್ಮಜ್ಜಿಯದೂ ಇದೇ ಧಾಟಿ. ಅಜ್ಜಿ ಉಡುತ್ತಿದ್ದದ್ದು ಒದ್ದೆ ಸೀರೆ, ಭಾವ ತೊಡುವುದು ಬರ್ಮುಡಾ ಚಡ್ಡಿ, ಅಷ್ಟೇ ವ್ಯತ್ಯಾಸ.

"ಅಲ್ಲ ಭಾವ, ಸಿಯೆರಾ ಬೆಟ್ಟದ ಹಿಮ ಕರಗಿ ಹೆಚ್ ಹೆಚೀ ಜಲಾಶಯದಿಂದ ಬರೋ ನೀರು ನಿಮ್ಮದು. ಅದಕ್ಕೂ ಮಡಿ ಮಾಡ್ತೀರಲ್ಲ?" ಅಂದೆ.

"ಬರೋ ದಾರೀಲಿ ಕ್ಲೋರಮೈನ್ ಮಾಡಿಬಿಡ್ತಾರಯ್ಯ!" ಅಂದರು, ಪಕ್ಕದ ಮನೆಯವನು ಬಾವಿಗೆ ವಿಷ ಹಾಕಿದ ಹಾಗೆ.

ಆಮೇಲೆ ಪಾಠ ಶುರು. ಬರೀ ಕ್ಲೋರಿನ್ ಹಾಕಿದರೆ ಅದು ದೂರದ ಬೀದಿ ತಲುಪುವಷ್ಟರಲ್ಲಿ ಸವೆಯುತ್ತದೆ. ನೀರಿನಲ್ಲಿ ಕೊಳೆತ ಎಲೆ, ಮಣ್ಣಿನ ಅಂಶ ಇದ್ದರೆ ಅದರ ಜೊತೆ ಸೇರಿ ಕ್ಲೋರೋಫಾರ್ಮಿನಂಥವನ್ನೂ ಹುಟ್ಟಿಸುತ್ತದೆ. ಇದನ್ನು 1974ರಲ್ಲಿ ತೋರಿಸಿಕೊಟ್ಟವರು ರಾಟರ್‌ಡ್ಯಾಮಿನ ಯೋಹಾನೆಸ್ ರೂಕ್. ಕ್ಲೋರಿನ್ನಿಗೆ ಒಂದಿಷ್ಟು ಅಮೋನಿಯಾ ಕೂಡಿಸಿದರೆ ಕ್ಲೋರಮೈನ್ ಆಗುತ್ತದೆ. ಅದು ಕೊನೆಯ ನಲ್ಲಿಯವರೆಗೂ ಉಳಿಯುತ್ತದೆ, ಕ್ಲೋರೋಫಾರ್ಮಿನ ಕಾಟವೂ ಕಡಿಮೆ. ಡೆನ್ವರ್ ನಗರದವರು 1917ರಿಂದಲೇ ಇದನ್ನು ಬಳಸುತ್ತಿದ್ದಾರೆ, ಸ್ಯಾನ್ ಫ್ರಾನ್ಸಿಸ್ಕೊ 2004ರಲ್ಲಿ ಇದಕ್ಕೆ ಬದಲಾಯಿತು. ಲೀಟರಿಗೆ 4 ಮಿಲಿಗ್ರಾಮ್ ಮೀರಬಾರದು ಅನ್ನೋದು ಅಲ್ಲಿನ ಕಾನೂನು.

"ನಾವೂ ಅದನ್ನೇ ಕುಡೀತೀವಿ, ಏನೂ ಆಗಿಲ್ಲ. ಇವರ ಆ ಕಲ್ಲುಗಳಿಗೆ ಮಾತ್ರ ಆಗಿಬರಲ್ವಂತೆ" ಅಂದಳು ಅಕ್ಕ, ನಲ್ಲಿ ನೀರಿನಲ್ಲೇ ಮಾಡಿದ ಕಾಫಿ ಕೊಡುತ್ತ.

"ಕಲ್ಲಲ್ಲ ಕಣೇ, ಪ್ರಾಣಿ!" ಭಾವನಿಗೆ ನಿಜಕ್ಕೂ ನೋವಾಯಿತು. ಹವಳ ಪ್ರಾಣಿ ಅನ್ನೋದು ಸರಿಯೇ. ನಾವು ಕುಡಿದ ಕ್ಲೋರಮೈನ್ ಹೊಟ್ಟೆಯಲ್ಲಿ ಮುರಿದುಹೋಗುತ್ತದೆ. ಮೀನಿಗಾದರೆ ಕಿವಿರಿನ ಮೂಲಕ ನೇರ ರಕ್ತಕ್ಕೆ ನುಗ್ಗಿ ಹಿಮೋಗ್ಲೋಬಿನ್ನನ್ನೇ ಕೆಡಿಸುತ್ತದೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರ ರಕ್ತಕ್ಕೂ ಇದೇ ಅಪಾಯ. ಅದಕ್ಕೇ ಆಸ್ಪತ್ರೆಗಳಲ್ಲಿ ಒಂದರ ಹಿಂದೊಂದು ಎರಡು ಇದ್ದಿಲ ಟ್ಯಾಂಕು ಇಟ್ಟು, ಲೀಟರಿಗೆ 0.1 ಮಿಲಿಗ್ರಾಮ್ ದಾಟದಂತೆ ಕಾಯುತ್ತಾರೆ. ಇದನ್ನು ಕೇಳಿದ ಮೇಲೆ ಭಾವನನ್ನು ಗೇಲಿ ಮಾಡುವ ನನ್ನ ಉತ್ಸಾಹ ಸ್ವಲ್ಪ ಇಳಿಯಿತು. ಸ್ವಲ್ಪ ಮಾತ್ರ.

"ರಾತ್ರಿ ಬಕೆಟ್ಟಿನಲ್ಲಿ ತೆರೆದಿಟ್ಟರೆ ಹೋಗಲ್ವಾ?" ಬೆಂಗಳೂರಿನಲ್ಲಿ ಚಿನ್ನದ ಮೀನು ಸಾಕಿದ ಯಾರಾದರೂ ಕೇಳುವ ಪ್ರಶ್ನೆ ಇದು. ಕ್ಲೋರಿನ್ ಆದರೆ ಬೆಳಗಾಗುವುದರೊಳಗೆ ಬಹುಪಾಲು ಹಾರಿಹೋಗುತ್ತದೆ. ಕ್ಲೋರಮೈನ್ ಜಪ್ಪಯ್ಯ ಅಂದರೂ ಅಲ್ಲಾಡದು. ಸರಿ, ಮೀನಿನ ಅಂಗಡಿಯ ಹನಿ ಔಷಧಿ? ಅದರಲ್ಲಿ ಸಾಮಾನ್ಯವಾಗಿ ಇರುವುದು ಸೋಡಿಯಂ ಥಯೋಸಲ್ಫೇಟ್, ಹಳೇ ಫೋಟೋ ಸ್ಟುಡಿಯೋದವರ ಹೈಪೋ. ಅದು ಕ್ಲೋರಮೈನಿನಿಂದ ಕ್ಲೋರಿನ್ನನ್ನು ಕಿತ್ತು ಮುಗಿಸುತ್ತದೆ, ಅಮೋನಿಯಾವನ್ನು ಮಾತ್ರ ತೊಟ್ಟಿಯಲ್ಲೇ ಬಿಟ್ಟುಹೋಗುತ್ತದೆ. ಸಮುದ್ರದ ನೀರು ಕ್ಷಾರೀಯವಾದ್ದರಿಂದ ಅಲ್ಲಿ ಅಮೋನಿಯಾದ ವಿಷ ಇನ್ನಷ್ಟು ಚುರುಕು. ವಿಟಮಿನ್ ಸಿ ಕತೆಯೂ ಅಷ್ಟೇ. ಸ್ನಾನದ ತೊಟ್ಟಿಯ ನೀರಿಗೆ 1000 ಮಿಲಿಗ್ರಾಮಿನ ಒಂದು ಮಾತ್ರೆ ಸಾಕು ಎಂದು ಸ್ಯಾನ್ ಫ್ರಾನ್ಸಿಸ್ಕೊ ನೀರಿನ ಇಲಾಖೆಯೇ ಹೇಳುತ್ತದೆ. ಮೀಯುವವರಿಗೆ ಅದು ಸಾಕು, ಹವಳಕ್ಕೆ ಸಾಲದು.

ಹಾಗಾಗಿ ಗೋಡೆಯ ಮೇಲಿನ ಆ ಡಬ್ಬಿಗಳು. ಮೊದಲನೆಯದು ಕೆಸರು ಹಿಡಿಯುತ್ತದೆ. ಅದರಾಚೆ ಇದ್ದಿಲು. ಮಾಮೂಲಿ ಇದ್ದಿಲು ಕ್ಲೋರಮೈನನ್ನು ಬಹಳ ನಿಧಾನಕ್ಕೆ ಒಡೆಯುತ್ತದೆ, ಆದ್ದರಿಂದ ಕ್ಯಾಟಲಿಟಿಕ್ ಕಾರ್ಬನ್ ಎಂಬ ಚುರುಕಾದ ಇದ್ದಿಲು ಬೇಕು, ನೀರೂ ಅವಸರವಿಲ್ಲದೆ ಹರಿಯಬೇಕು. ಒಡೆದಾಗ ಹೊರಬೀಳುವ ಅಮೋನಿಯಾದಲ್ಲಿ ಒಂದು ಪಾಲನ್ನು ಆರ್‌ಓ ಪೊರೆ ತಡೆಯುತ್ತದೆ, ನುಸುಳಿದ್ದನ್ನು ಡಿಐ, ಅಂದರೆ ಅಯಾನುಗಳನ್ನು ಹೀರುವ ರಾಳದ ಮಣಿಗಳು ಹಿಡಿಯುತ್ತವೆ. ಇದ್ದಿಲು ಕೈಕೊಟ್ಟರೆ ಪೊರೆಯೂ ಹಾಳಾಗುತ್ತ ಬರುತ್ತದೆ. ಇಷ್ಟೆಲ್ಲ ಮಾಡಿ, ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರಿನಲ್ಲಿ ಸೊನ್ನೆ ಕಂಡಿತೆಂದು ಕುಣಿಯುವವರಿದ್ದಾರೆ. ಆ ಮೀಟರಿಗೆ ಕ್ಲೋರಮೈನ್ ಕಣ್ಣಿಗೇ ಬೀಳುವುದಿಲ್ಲ, ಅದಕ್ಕೆ ವಿದ್ಯುದಂಶವಿಲ್ಲ. ಇದ್ದಿಲು ದಾಟಿ ಬಂದ ನೀರನ್ನು ಬಣ್ಣ ಬರುವ ಕಿಟ್ಟಿನಲ್ಲಿ ಪರೀಕ್ಷಿಸಬೇಕು, ಅದೂ 'ಒಟ್ಟು ಕ್ಲೋರಿನ್' ಕಿಟ್ಟು. 'ಫ್ರೀ ಕ್ಲೋರಿನ್' ಕಿಟ್ಟು ತಂದವರಿಗೆ ಕ್ಲೋರಮೈನ್ ಲೆಕ್ಕಕ್ಕೇ ಸಿಗದು.

ಒಂದು ಪಾಲು ಮಡಿನೀರು ಸಿಗುವಾಗ ಸಾಮಾನ್ಯವಾಗಿ ಮೂರು ನಾಲ್ಕು ಪಾಲು ಮೈಲಿಗೆಯಾಗಿ ಹೊರಬೀಳುತ್ತದೆ. ಕ್ಯಾಲಿಫೋರ್ನಿಯಾದಂಥ ಬರದ ಸೀಮೆಯಲ್ಲಿ ಇದನ್ನು ಚೆಲ್ಲಲು ಅಕ್ಕ ಬಿಡುವುದಿಲ್ಲ. ಆ ಮನೆಯ ಕರಿಬೇವಿನ ಗಿಡ ನಮ್ಮೂರ ಕರಿಬೇವನ್ನು ನಾಚಿಸುವಂತಿದೆ. ಹವಳದ ಬಗ್ಗೆ ಹಾಗೆ ಹೇಳಲಾರೆ.

ನಿಜವಾದ ತಮಾಷೆ ಇನ್ನು ಮುಂದೆ. ಸಕಲವನ್ನೂ ಸೋಸಿ ತೆಗೆದ ಆ ನೀರಿಗೆ ಭಾವ ಲೀಟರಿಗೆ ಸುಮಾರು 35 ಗ್ರಾಮಿನ ಲೆಕ್ಕದಲ್ಲಿ ಉಪ್ಪಿನ ಪುಡಿ ಸುರಿದರು. ಸೋಡಿಯಂ, ಮೆಗ್ನೀಸಿಯಂ, ಕ್ಯಾಲ್ಸಿಯಂ ಎಲ್ಲ ಮೆರವಣಿಗೆಯಲ್ಲಿ ವಾಪಸ್ಸು. ಅದರಲ್ಲಿ ಕ್ಲೋರೈಡ್ ಒಂದೇ ಸುಮಾರು 19 ಗ್ರಾಮ್!

"ಭಾವ, ನಾಲ್ಕು ಮಿಲಿಗ್ರಾಮ್ ಕ್ಲೋರಿನ್ನಿಗೆ ಅಷ್ಟು ರಂಪ ಮಾಡಿ, ಈಗ ಅದರ ಕುಲಬಾಂಧವರನ್ನೇ ಮೂಟೆಗಟ್ಟಲೆ ಕರೆತಂದಿರಲ್ಲ?"

"ಕ್ಲೋರೈಡ್ ಸಾಧು ಕಣಯ್ಯ, ಕ್ಲೋರಿನ್ ಮುಂಗೋಪಿ. ಅಷ್ಟೂ ಗೊತ್ತಿಲ್ವಾ?" ಅಂದರು. ರಸಾಯನಶಾಸ್ತ್ರ ಅವರ ಕಡೆಗೇ ಇತ್ತು. ತೊಟ್ಟಿಯಿಂದ ನೀರು ಆವಿಯಾದರೂ ಉಪ್ಪು ಅಲ್ಲೇ ಉಳಿಯುವುದರಿಂದ, ದಿನವೂ ಮೇಲಿಂದ ತುಂಬಿಸುವುದು ಉಪ್ಪಿಲ್ಲದ ಮಡಿನೀರನ್ನೇ. ಅಂದರೆ ಈ ಸೇವೆಗೆ ರಜೆಯೂ ಇಲ್ಲ.

ಇದನ್ನು ಓದಿ ಬೆಂಗಳೂರಿನ ಫ್ಲ್ಯಾಟಿನಲ್ಲೂ ಹೀಗೊಂದು ಸಮುದ್ರ ಕಟ್ಟೋಣ ಅಂತ ಯಾರಿಗಾದರೂ ಆಸೆ ಹುಟ್ಟಿದ್ದರೆ ಒಂದು ಮಾತು. ನೀರಿನದು ಆಮೇಲೆ, ಮೊದಲು ಕಾನೂನು ನೋಡಿ. 2001ರಿಂದ ಕಲ್ಲುಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ನಮ್ಮ ಕಡಲಿನಿಂದ ಅವನ್ನು ಕೀಳುವುದೂ ಮಾರುವುದೂ ಅಪರಾಧ. ಹವಳ ನೋಡಲೇಬೇಕೆಂದರೆ ಮಳೆಗಾಲ ಕಳೆದ ಮೇಲೆ ಮುರುಡೇಶ್ವರದಲ್ಲಿ ದೋಣಿ ಹತ್ತಿ ನೇತ್ರಾಣಿಗೆ ಹೋಗಿ ಬನ್ನಿ. ಅಲ್ಲಿ ನೀರು ಬದಲಾಯಿಸುವ ಕೆಲಸವನ್ನು ಅರಬ್ಬೀ ಸಮುದ್ರವೇ ನೋಡಿಕೊಳ್ಳುತ್ತದೆ.