ಟೈ ಕಟ್ಟಿದ ವಿದ್ಯೆ

ಖಾಸಗಿ ಶಾಲೆಯ ಫೀಸು ಜಾಸ್ತಿಯಾಯಿತೆಂದು ಗೇಟಿನೆದುರು ಗೊಣಗುವ ಅಪ್ಪ, ಮದುವೆಮನೆಯಲ್ಲಿ ಅದೇ ಮೊತ್ತವನ್ನು ಎದೆಯುಬ್ಬಿಸಿ ಹೇಳುತ್ತಾನೆ. ನಾವು ಅಲ್ಲಿ ಕೊಳ್ಳುವುದು ಪಾಠವನ್ನಲ್ಲ, ನೆಮ್ಮದಿಯನ್ನು. ಪಾಠವೇ ಆಗಿದ್ದರೆ ಅಷ್ಟು ತೆತ್ತ ಮೇಲೂ ಸಂಜೆ ಮಗುವನ್ನು ಟ್ಯೂಷನ್ನಿಗೆ ಅಟ್ಟುವುದೇಕೆ? ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಗಳ ಶೇ 25ರಷ್ಟು ಉಚಿತ ಸೀಟಿಗೆ ನೂಕುನುಗ್ಗಲಿತ್ತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಅಲ್ಲಿಗೇ ಹೋಗಿ ಎಂದು 2019ರಲ್ಲಿ ಕರ್ನಾಟಕ ನಿಯಮ ಬದಲಿಸಿದ್ದೇ ತಡ, ಅರ್ಜಿಗಳು ದಢಕ್ಕನೆ ಇಳಿದವು. ಪುಕ್ಕಟೆಯಾದರೂ ಸರಿಯೇ, ಟೈ ಇರಲೇಬೇಕು!

ಸರ್ಕಾರಿ ಶಾಲೆಯಲ್ಲಿ ಒಬ್ಬರೇ ಮೇಷ್ಟ್ರು ನಾಲ್ಕೈದು ತರಗತಿ ನೋಡಬೇಕು, ನಡುವೆ ಗಣತಿ, ಚುನಾವಣೆ, ಮೊಟ್ಟೆಯ ಲೆಕ್ಕ ಬೇರೆ ಎಂಬ ಆಕ್ಷೇಪವಿದೆ. ನಿಜವೇ. ತಾಯ್ತಂದೆಯರನ್ನು ಪೂರ್ತಿ ದೂರುವಂತಿಲ್ಲ. ಆದರೆ ‘ಇಂಟರ್‌ನ್ಯಾಷನಲ್’ ಎಂಬ ಬೋರ್ಡಿನಡಿ ಪಾಠ ಮಾಡುವ ಎಷ್ಟೋ ಮಿಸ್ಸುಗಳು ಕೈಗೆ ಸಿಗುವ ಸಂಬಳದಲ್ಲಿ ಮುಂದಿನ ಜೂನ್‌ವರೆಗೂ ನಿಲ್ಲುವುದಿಲ್ಲ. ಇನ್ನು ಮಕ್ಕಳ ಅಭಿಪ್ರಾಯ ಅವರ ಬೆನ್ನ ಮೇಲಿದೆ: ಒಂದು, ಎರಡನೇ ತರಗತಿಯವರ ಬ್ಯಾಗು ಎರಡು ಕೆಜಿ ಮೀರಬಾರದೆಂದು ಇಲಾಖೆ 2019ರಲ್ಲೇ ಸುತ್ತೋಲೆ ಹೊರಡಿಸಿದೆ. ವ್ಯಾನಿಗೆ ಕಾಯುವ ಪುಟಾಣಿಗಳು ಮುಂದಕ್ಕೆ ಬಾಗಿ ನಿಂತಿರುವುದನ್ನು ನೋಡಿದರೆ ಆ ಸುತ್ತೋಲೆಯೂ ಬ್ಯಾಗಿನೊಳಗೇ ಸೇರಿದಂತಿದೆ. ಸೀಟು ಹಿಡಿಯುವ ಮುನ್ನ ಶಾಲೆಯ ಈಜುಕೊಳ ನೋಡಿದ್ದು ಸಾಕು. ಈ ಮಿಸ್ಸು ಇಲ್ಲಿ ಎಷ್ಟು ವರ್ಷದಿಂದಿದ್ದಾರೆ ಎಂದೊಮ್ಮೆ ಕೇಳಿ ನೋಡಿ.