ನಾಸ್ತಿಕನ ಪುಳಿಯೋಗರೆ

ನಾನು ನಾಸ್ತಿಕನಾದದ್ದು ಗಣಪತಿಯ ಕೃಪೆಯಿಂದ. 1995ರ ಸೆಪ್ಟೆಂಬರ್ 21ರಂದು ದೇಶದ ಗಣಪತಿಗಳೆಲ್ಲ ಹಾಲು ಕುಡಿಯತೊಡಗಿದಾಗ, ಮಡಿಯುಟ್ಟು, ಚಮಚ ಹಿಡಿದು ಸಾಲಿನಲ್ಲಿ ನಿಂತವರಲ್ಲಿ ನಾನೂ ಒಬ್ಬ. ಸೊಂಡಿಲಿಗೆ ಚಮಚ ತಾಗಿಸಿದೆ, ಹಾಲು ಮಾಯ! ಕಣ್ಣು ತುಂಬಿ ಬಂತು. ಆದರೆ ಕಾಲಡಿ ಯಾಕೋ ಅಂಟಂಟು. ಬಗ್ಗಿ ನೋಡಿದರೆ, ಹಾಲು ಗಣಪನ ಹೊಟ್ಟೆಯ ಮೇಲಿಂದ ತೆಳ್ಳಗೆ ಇಳಿದು ನನ್ನ ಹೆಬ್ಬೆರಳಿಗೇ ಅಭಿಷೇಕ ಮಾಡುತ್ತಿದೆ. ಅದೆಲ್ಲ ಮೇಲ್ಮೈ ಎಳೆತದ ಮಹಿಮೆ ಎಂದು ವಿಜ್ಞಾನಿಗಳು ಬಣ್ಣ ಬೆರೆಸಿದ ಹಾಲಿನಲ್ಲಿ ತೋರಿಸಿಯೂಬಿಟ್ಟರು.

ಆಮೇಲೆ ಎಚ್. ನರಸಿಂಹಯ್ಯನವರನ್ನು ಓದಿದೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲೇ, ಪವಾಡಗಳ ತನಿಖೆಗೆ ಸಮಿತಿ ರಚಿಸಿದ ಪುಣ್ಯಾತ್ಮ. (ಈ ವಿಶೇಷಣಕ್ಕೆ ಅವರೇ ಆಕ್ಷೇಪ ಎತ್ತುತ್ತಿದ್ದರೋ ಏನೋ.)

ಬುದ್ಧಿಯೇನೋ ಒಪ್ಪಿತು, ಮೈ ಒಪ್ಪಬೇಕಲ್ಲ! ಬಸ್ಸು ಗುಡಿ ದಾಟಿದರೆ ಕೈ ತಾನಾಗಿ ಕೆನ್ನೆಗೆ ಹೋಗುತ್ತದೆ. ಸೊಳ್ಳೆ ಹೊಡೆದಂತೆ ನಟಿಸುತ್ತೇನೆ. ರಾಹುಕಾಲದಲ್ಲಿ ಹೊರಗೆ ಹೊರಡುವುದಿಲ್ಲ, ಆಗ ಟ್ರಾಫಿಕ್ ಜಾಸ್ತಿ ಅಂತ. "ಅಲ್ರೀ, ನಿಮ್ಮ ಟ್ರಾಫಿಕ್ಕು ದಿನಾ ಪಂಚಾಂಗ ನೋಡ್ಕೊಂಡೇ ಬರುತ್ತಾ?" ಎನ್ನುತ್ತಾಳೆ ಹೆಂಡತಿ.

ಶನಿವಾರ ಬಂತೆಂದರೆ ನನ್ನ ವಿಚಾರವಾದಕ್ಕೆ ಅಗ್ನಿಪರೀಕ್ಷೆ. ಆಂಜನೇಯನ ಗುಡಿಯಿಂದ ಅವಳು ದೊನ್ನೆ ತುಂಬ ಪುಳಿಯೋಗರೆ ತರುತ್ತಾಳೆ; ಮೇಲೆ ಹುರಿದ ಕಡಲೆಬೀಜ, ಎಣ್ಣೆಯಲ್ಲಿ ಮಿಂಚುವ ಕರಿಬೇವು.

"ನಾಸ್ತಿಕರಿಗೆ ಉಪ್ಪಿಟ್ಟಿದೆ."

"ಪ್ರಸಾದ ಯಾರು ಕೇಳಿದರು? ಪುಳಿಯೋಗರೆ ಹಾಕು ಅಂದೆ."

"ಹಾಗಾದ್ರೆ ಕೈ ಯಾಕೆ ಒಡ್ಡಿದ್ದೀರಿ? ತಟ್ಟೆ ತಗೊಂಡು ಬನ್ನಿ!"