ದಂಡೆಯ ಮೇಲಿನವರನ್ನು ತಾನೇ ಬಂದು ಕಾಣುವ ಕೃಷ್ಣೆಗೆ ಬಹಿರಂಗ ಬಿನ್ನಹ

ಪೂಜ್ಯ ಕೃಷ್ಣಾನದಿಯ ಸನ್ನಿಧಿಗೆ, ಯಡೂರಿನ ದಂಡೆಯಿಂದ.

ತಾವು ಮಹಾಬಳೇಶ್ವರದಲ್ಲಿ, ಅರಬ್ಬಿ ಸಮುದ್ರದಿಂದ ಸುಮಾರು 64 ಕಿಲೋಮೀಟರ್ ದೂರದಲ್ಲಿ ಹುಟ್ಟಿಯೂ, ಹತ್ತಿರದ ಕಡಲಿಗೆ ಬೆನ್ನುಮಾಡಿ 1,400 ಕಿಲೋಮೀಟರ್ ಹರಿದು ಬಂಗಾಳ ಕೊಲ್ಲಿಯನ್ನು ಸೇರುವ ಸುತ್ತುದಾರಿ ಹಿಡಿದದ್ದರಿಂದ, ಚಿಕ್ಕೋಡಿ ಸೀಮೆಗೆ ಕಡಲದಂಡೆಯ ಬದಲು ಹೊಳೆದಂಡೆ ದಕ್ಕಿತು. ಗಾಲಿಕುರ್ಚಿಯವರಿಗೆ ಇದರಿಂದಾದ ಲಾಭವೆಂದರೆ, ಮುಂಗಾಲಿ ಉಸುಕಿನಲ್ಲಿ ಹೂತುಹೋಗುವ ಕಷ್ಟ ತಪ್ಪಿ, ಹೊಳೆಗಿಳಿಯುವ ಪಾವಟಿಗೆಯ ಮೇಲ್ತುದಿಯಲ್ಲೇ ನಿಂತು ನೀರನ್ನು ನೋಡುವ ಸುಖ ಲಭಿಸಿದ್ದು.

ಕಡಲಿನವರು ಮಾತ್ರ ವೃಥಾ ಶ್ರಮಪಡುತ್ತಿದ್ದಾರೆ. ಹೊನ್ನಾವರದ ಕಾಸರಕೋಡು ಮತ್ತು ಉಡುಪಿ ಸೀಮೆಯ ಪಡುಬಿದ್ರಿಗಳು 2020ರಲ್ಲಿ ಪಡೆದ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ ಹಾಗೂ ಸುರಕ್ಷಿತ ಕಡಲತೀರಕ್ಕೆ ಸಲ್ಲುವ ಅಂತರರಾಷ್ಟ್ರೀಯ ಮಾನ್ಯತೆ, ಅಂಗವಿಕಲರ ಪ್ರವೇಶವನ್ನೂ ಮಾನದಂಡವಾಗಿ ಎಣಿಸುತ್ತದೆ. ಚೆನ್ನೈನ ಮರೀನಾದಲ್ಲಿ 2022ರ ನವೆಂಬರಿನಲ್ಲಿ ಗಾಲಿಕುರ್ಚಿ ಅಲೆಯ ಸಮೀಪದವರೆಗೆ ಸಾಗುವಂತೆ ಮರದ ಹಾದಿಯೊಂದನ್ನು ತೆರೆದರೆ, ಮರುತಿಂಗಳೇ ಮಾಂಡೌಸ್ ಚಂಡಮಾರುತ ಅದರ ಒಂದು ಭಾಗವನ್ನು ಕಿತ್ತುಹಾಕಿತು. ಹಾದಿಯನ್ನು ಕಟ್ಟಿದವರಿಗೇ ಇಂಥ ಕಾಟ, ಕಟ್ಟದವರು ನಿಶ್ಚಿಂತರು.

ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ. ಅದರಡಿಯ 2017ರ ನಿಯಮಗಳಲ್ಲಿ 15ನೆಯದು ಪ್ರವೇಶ ಸೌಲಭ್ಯದ ಮಾನದಂಡಗಳನ್ನು ಬರೀ ಸಲಹೆಯ ಮಟ್ಟಕ್ಕೆ ಇಳಿಸಿದೆಯೆಂದು ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ಹೇಳಿ, ಕಡ್ಡಾಯ ನಿಯಮಗಳನ್ನು ರೂಪಿಸಲು ಮೂರು ತಿಂಗಳ ಗಡುವು ಕೊಟ್ಟಿತು. ಸಲಹೆಗೆ ಪಾವಟಿಗೆ ಅಲುಗುವುದಿಲ್ಲ. ಲೆಕ್ಕವಾದರೋ ಸರಳವಾಗಿದೆ: ಒಂದು ಮೀಟರ್ ಇಳಿಯಲು ಕನಿಷ್ಠ 12 ಮೀಟರ್ ಉದ್ದದ ಇಳಿಜಾರು, ಅಂದರೆ ರ‍್ಯಾಂಪ್ ಬೇಕು; ತಲಾ 15 ಸೆಂಟಿಮೀಟರ್ ಎತ್ತರದ 20 ಪಾವಟಿಗೆಗಳಿದ್ದರೆ ಅದು 36 ಮೀಟರ್ ಆಗುತ್ತದೆ. ಅಷ್ಟು ಜಾಗವೆಲ್ಲಿ ಎಂದು ಕೇಳುವವರು, ಕುರ್ಚಿಯನ್ನು ಹಿಮ್ಮುಖ ಮಾಡಿ, ಇಬ್ಬರು ಹಿಡಿದು, ಒಂದೊಂದೇ ಪಾವಟಿಗೆಗೆ ದಡಕ್ಕೆಂದು ಇಳಿಸುವಾಗ ಅದರಲ್ಲಿ ಕುಳಿತವರು ಎರಡೂ ಕೈಗಳಿಂದ ಏನನ್ನು ಹಿಡಿದುಕೊಂಡಿರುತ್ತಾರೆಂಬುದನ್ನು ಗಮನಿಸಿದವರಲ್ಲ.

ತಮ್ಮ ಕಾರ್ಯವೈಖರಿ ಬೇರೆ. ಮಹಾರಾಷ್ಟ್ರದಲ್ಲಿ ಮಳೆ ಹೊಯ್ದು, ಮೇಲಿನ ಜಲಾಶಯಗಳ ನೀರು ಸೇರಿ ಕಲ್ಲೋಳ–ಯಡೂರು ಸೇತುವೆ ಮುಳುಗಿದೊಡನೆ ದಾರಿಗೆ ಅಡ್ಡಗಟ್ಟೆ ಬೀಳುತ್ತದೆ, ಪತ್ರಿಕೆಯಲ್ಲಿ ಚಿತ್ರ ಬರುತ್ತದೆ, ಸುತ್ತುದಾರಿ ಗೊತ್ತಾಗುತ್ತದೆ, ದಾರಿ ಮುಚ್ಚಿದ್ದು ಸಂಕಟವೆಂದು ಎಲ್ಲರೂ ಒಪ್ಪುತ್ತಾರೆ. 2019 ಮತ್ತು 2021ರ ಮಹಾಪೂರಗಳಲ್ಲಂತೂ, ಇಳಿಯಲಾರದವರಿರುವ ಕಡೆಗೆ ತಾವೇ ಏರಿ ಬಂದಿರಿ. ವರ್ಷದ ಹನ್ನೆರಡು ತಿಂಗಳೂ ಸೇತುವೆ ಮುಳುಗಿಯೇ ಇರುವವರ ಪಾಡು ಉಳಿದವರಿಗೆ ಅರ್ಥವಾಗುವುದು ಆ ಕೆಲವು ದಿನ ಮಾತ್ರ. ನೀರಿಳಿದು, ಪಾವಟಿಗೆಯ ಮೇಲಿನ ರಾಡಿ ಒಣಗುವಷ್ಟರಲ್ಲಿ ಆ ಅರ್ಥವೂ ಒಣಗಿರುತ್ತದೆ.

ಆದುದರಿಂದ ಬಿನ್ನಹವಿಷ್ಟೆ: ಮುಂದಿನ ಮಹಾಪೂರದಲ್ಲಿ, ಯಾರ ಮನೆ, ಯಾರ ಕಬ್ಬಿನ ಗದ್ದೆಯನ್ನೂ ಮುಟ್ಟದೆ, ಪಾವಟಿಗೆಯ ಒಂದು ಮಗ್ಗುಲನ್ನು ಮಾತ್ರ ಕೊಚ್ಚಿಕೊಂಡು ಹೋಗಬೇಕು. ಹಕ್ಕಿನ ಬಾಬ್ತಿನಲ್ಲಿ ದೊರೆಯದ ಅನುದಾನ ನೆರೆಹಾನಿಯ ಬಾಬ್ತಿನಲ್ಲಿ ದೊರೆಯಬಹುದು. ದುರಸ್ತಿಯ ಅಂದಾಜುಪಟ್ಟಿಯಲ್ಲಿ ಆ 36 ಮೀಟರ್ ಸೇರಿಸಲು ಎಂಜಿನಿಯರರಿಗೂ ಒಂದು ಕಾರಣ ಸಿಕ್ಕೀತು.

ಇಂತಿ,
ಪಾವಟಿಗೆಯ ಮೇಲ್ತುದಿಯವರು